ಎಡಗೈಯಲ್ಲಿ ಪಡೆದ ಲಕೋಟೆ: ಒಂದು ಕಾರ್ಖಾನೆಯ ಸಹಾಯ ನಿಧಿ, ಸಿಬ್ಬಂದಿ ಪತ್ರಿಕೆ ಮತ್ತು ದಾಖಲಾಗದ ಅಪಘಾತಗಳು

ಈ ಪ್ರಕರಣ ಹಳೆಯ ಮೈಸೂರು ಭಾಗದ ಕೈಗಾರಿಕಾ ಪ್ರದೇಶವೊಂದರಲ್ಲಿರುವ, ತಗಡಿನ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯದು. ನಾನು ಅಲ್ಲಿ ಕೆಲವು ವರ್ಷ ಕಲ್ಯಾಣ ಅಧಿಕಾರಿಯಾಗಿದ್ದೆ. ಸಂಬಂಧಪಟ್ಟವರ ಗುರುತು ಸಿಗಬಾರದೆಂದು ತಿಂಗಳುಗಳು, ಮೊತ್ತಗಳು ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಘಟನೆಗಳ ಕ್ರಮವನ್ನೂ ನಾವು ತೆಗೆದುಕೊಂಡ ತೀರ್ಮಾನಗಳನ್ನೂ ಇದ್ದಂತೆಯೇ ಬರೆದಿದ್ದೇನೆ. ಸಹೋದ್ಯೋಗಿಗಳ ಕಷ್ಟಕ್ಕೆ ಚಂದಾ ಎತ್ತುವ ಪದ್ಧತಿ ಇರುವ ಎಲ್ಲ ಕೆಲಸದ ಜಾಗಗಳಿಗೂ ಈ ಅನುಭವ ಉಪಯೋಗಕ್ಕೆ ಬರಬಹುದೆಂದು ನನ್ನ ನಂಬಿಕೆ.

ಹಿನ್ನೆಲೆ

ಕಾರ್ಖಾನೆಯಲ್ಲಿ ಆರುನೂರಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಮೂರನೇ ಒಂದು ಭಾಗ ಗುತ್ತಿಗೆದಾರರ ಮೂಲಕ ಬಂದವರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣ ಅಧಿಕಾರಿ ಇರಲೇಬೇಕಿತ್ತು, ಆದರೆ ಸುರಕ್ಷತಾ ಅಧಿಕಾರಿಯ ನೇಮಕ ಸಾಮಾನ್ಯವಾಗಿ ಕಡ್ಡಾಯವಾಗುತ್ತಿದ್ದುದು 1000 ಕಾರ್ಮಿಕರಿದ್ದಾಗ. ಹಾಗಾಗಿ ನನ್ನ ಹುದ್ದೆ ಇತ್ತು, ಸುರಕ್ಷತೆಗೆಂದೇ ಪ್ರತ್ಯೇಕ ಅಧಿಕಾರಿ ಇರಲಿಲ್ಲ. ಆ ಹೊಣೆ ಉತ್ಪಾದನಾ ವಿಭಾಗದ ಮುಖ್ಯಸ್ಥರ ಮೇಲಿತ್ತು. ದಿನಕ್ಕೆ ಎಷ್ಟು ಪೀಸ್ ಬರಬೇಕೆಂದು ನಿಗದಿ ಮಾಡುವವರೂ ಅವರೇ.

ಹನ್ನೆರಡು ವರ್ಷಗಳ ಹಿಂದೆ ಕ್ಯಾಂಟೀನಿನ ಅಡುಗೆಯವರೊಬ್ಬರ ಮನೆ ಬೆಂಕಿಗೆ ಆಹುತಿಯಾದಾಗ ಕಾರ್ಮಿಕರು ತಾವಾಗಿಯೇ ಹಣ ಕೂಡಿಸಿಕೊಟ್ಟಿದ್ದರು. ಅದೇ ಮುಂದೆ ಸಹಾಯ ನಿಧಿಯಾಯಿತು. ಸಂಬಳದ ದಿನ ತಲಾ 20 ರೂಪಾಯಿ, ದೊಡ್ಡ ಕಷ್ಟ ಬಂದರೆ ವಿಶೇಷ ಚಂದಾ. ಒಂಬತ್ತು ಜನರ ಸಮಿತಿ ಅದನ್ನು ಒಂದು ರೂಪಾಯಿಯ ಲೆಕ್ಕವೂ ತಪ್ಪದಂತೆ ನಡೆಸಿಕೊಂಡು ಬಂದಿತ್ತು. ಆ ಸಮಿತಿಯ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಮುಂದೆ ಹೇಳಲಿರುವ ಯಾವ ಮಾತೂ ಅವರ ಒಳ್ಳೆಯತನದ ಮೇಲಿನ ಆಕ್ಷೇಪವಲ್ಲ.

ಇದರ ಜೊತೆಗೆ ನಾಲ್ಕು ಪುಟದ ಮಾಸಿಕ ಸಿಬ್ಬಂದಿ ಪತ್ರಿಕೆಯೊಂದು ಇತ್ತು. ಅದನ್ನು ಸಿದ್ಧಪಡಿಸುವ ಕೆಲಸ ನನ್ನದು. ಎರಡನೆಯ ಪುಟದಲ್ಲಿ ಮದುವೆ, ನಾಮಕರಣ, ನಿವೃತ್ತಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳ ಸುದ್ದಿ. ಮೂರನೆಯದು ನೆರವಿನ ಪುಟ: ರಕ್ತದಾನ ಶಿಬಿರ, ಸರ್ಕಾರಿ ಶಾಲೆಗೆ ನೋಟ್‌ಪುಸ್ತಕ ವಿತರಣೆ, ನಿಧಿಯಿಂದ ಲಕೋಟೆ ಹಸ್ತಾಂತರಿಸುವ ಫೋಟೋಗಳು. ನಾಲ್ಕನೆಯದು ಸುರಕ್ಷತೆಗೆ ಮೀಸಲು. ಅಲ್ಲಿ ಘೋಷವಾಕ್ಯಗಳು, ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದ ಪ್ರಬಂಧ ಸ್ಪರ್ಧೆಯ ಫಲಿತಾಂಶ, ಮತ್ತು ಗೇಟಿನ ಪಕ್ಕದ ಬೋರ್ಡಿನಲ್ಲಿರುವ ‘ಅಪಘಾತವಿಲ್ಲದ ದಿನಗಳು’ ಎಂಬ ಸಂಖ್ಯೆ ಅಚ್ಚಾಗುತ್ತಿದ್ದವು. ಆ ಸಂಖ್ಯೆ 365 ಮುಟ್ಟಿದರೆ ಎಲ್ಲ ವಿಭಾಗಗಳಿಗೂ ಸಿಹಿ ಮತ್ತು ತಲಾ 500 ರೂಪಾಯಿ ಎಂದು ಆಡಳಿತ ಘೋಷಿಸಿತ್ತು. ಸದುದ್ದೇಶದಿಂದಲೇ ಮಾಡಿದ ಘೋಷಣೆ ಅದು, ಆದರೆ ಗಾಯವಾದವನು ಬಾಯಿ ಬಿಟ್ಟರೆ ಆರುನೂರು ಜನರ ಬಹುಮಾನ ಹೋಗುತ್ತದೆ ಎಂಬ ಸ್ಥಿತಿಯನ್ನೂ ಅದು ತಂದಿಟ್ಟಿತ್ತು.

ಜನವರಿಯ ಅಪಘಾತ

ಜನವರಿಯ ಒಂದು ರಾತ್ರಿ, ಎರಡನೆಯ ಶಿಫ್ಟಿನಲ್ಲಿ, ಪವರ್ ಪ್ರೆಸ್ (ತಗಡನ್ನು ಭಾರದಿಂದ ಒತ್ತಿ ಬಿಡಿಭಾಗ ಮಾಡುವ ಯಂತ್ರ) ನಡೆಸುತ್ತಿದ್ದ 24 ವರ್ಷದ ಗುತ್ತಿಗೆ ಕಾರ್ಮಿಕನ ಬಲಗೈ, ತಗಡಿಗೆ ಆಕಾರ ಕೊಡುವ ಅಚ್ಚಾದ ಡೈ ನಡುವೆ ಸಿಕ್ಕಿ ತೋರುಬೆರಳಿನ ತುದಿಯ ಒಂದು ಗೆಣ್ಣು ಪೂರ್ತಿ ಹೋಯಿತು. ಕಾರ್ಖಾನೆಯ ಗಾಡಿಯಲ್ಲಿ ಅವನನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿ ‘ಮನೆಯ ಬಾಗಿಲಿಗೆ ಸಿಕ್ಕಿ ಗಾಯ’ ಎಂದು ಬರೆಸಲಾಯಿತು. ಹಾಗೆ ಬರೆಸಿದ್ದು ಯಾರೆಂದು ಕೇಳಿದಾಗ ಸೂಪರ್‌ವೈಸರ್ ಗುತ್ತಿಗೆದಾರನ ಕಡೆ ತೋರಿಸಿದರು, ಗುತ್ತಿಗೆದಾರ ಸೂಪರ್‌ವೈಸರ್ ಕಡೆ. ಅಪಘಾತ ಪುಸ್ತಕದಲ್ಲಿ ನಮೂದಾಗಲಿಲ್ಲ. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮಾ ನಿಗಮಕ್ಕೆ, 24 ಗಂಟೆಯೊಳಗೆ ಹೋಗಬೇಕಿದ್ದ ವರದಿ ಹೋಗಲಿಲ್ಲ. ಗಾಯಾಳು 48 ಗಂಟೆಗೂ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ಸೂಚನೆ ಕೊಡಬೇಕೆಂಬ ನಿಯಮವೂ ಪಾಲನೆಯಾಗಲಿಲ್ಲ. ಗೇಟಿನ ಬೋರ್ಡು ಮರುದಿನ ಒಂದು ಅಂಕಿ ಮೇಲೇರಿತು.

ನನಗೆ ಸಿಕ್ಕ ಮಾಹಿತಿ ‘ಪ್ರೆಸ್ ವಿಭಾಗದ ಹುಡುಗನಿಗೆ ಮನೆಯಲ್ಲಿ ಪೆಟ್ಟಾಗಿದೆ’ ಎಂಬುದು. ನಿಧಿಯಿಂದ 18,000, ವಿಶೇಷ ಚಂದಾದಿಂದ 26,000, ಒಟ್ಟು 44,000 ರೂಪಾಯಿ ಕೂಡಿತು. ಫೆಬ್ರುವರಿ ಸಂಚಿಕೆಯ ಮೂರನೆಯ ಪುಟದಲ್ಲಿ ನಾನೇ ಫೋಟೋ ಹಾಕಿ, ದಾನಿಗಳಿಗೆ ಕೃತಜ್ಞತೆ ಹೇಳಿ ನಾಲ್ಕು ಸಾಲು ಬರೆದೆ. ಗಾಯ ಹೇಗಾಯಿತೆಂದು ಅವನನ್ನೇ ಕೇಳುವುದು ನನ್ನ ಕರ್ತವ್ಯವಾಗಿತ್ತು, ಕೇಳಲಿಲ್ಲ. ಈ ಪ್ರಕರಣದ ಮೊದಲ ತಪ್ಪು ಹೆಜ್ಜೆ ನನ್ನದೆಂದೇ ದಾಖಲಿಸುತ್ತೇನೆ.

ತಾಯಿ ತಂದ ಪತ್ರಿಕೆ

ಜೂನ್ ಮೊದಲ ವಾರ ಅವನ ತಾಯಿ ನನ್ನ ಕಚೇರಿಗೆ ಬಂದರು. ಪತ್ರಿಕೆಯ ಆ ಪುಟವನ್ನು ಎಂಟು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಅದನ್ನು ಮೇಜಿನ ಮೇಲೆ ಬಿಡಿಸಿ ಕೇಳಿದರು: “ಸ್ವಾಮಿ, ಈ ಪೋಟೋ ಬಂದ್ಮೇಲೆ ನೆಂಟ್ರು, ಮನೆ ಓನರ್ರು ಎಲ್ರೂ ‘ಕಂಪ್ನಿಯೋರು ಕೊಟ್ರಲ್ಲ’ ಅಂತಾರೆ. ಕೊಟ್ಟಿದ್ದು ಆಸ್ಪತ್ರೆಗೇ ಆಯ್ತು. ಮುಂದಕ್ಕೆ ತಿಂಗ್ಳಿಗೆ ಎಷ್ಟು ಬರ್ತದೆ?”

ನರ್ಸಿಂಗ್ ಹೋಮಿನ ಬಿಲ್ಲು 31,000 ಆಗಿತ್ತು. ಎರಡೂವರೆ ತಿಂಗಳು ಸಂಬಳವಿರಲಿಲ್ಲ. ಏಪ್ರಿಲ್‌ನಲ್ಲಿ ಅವನು ಕೆಲಸಕ್ಕೆ ಮರಳಿದಾಗ ಪ್ರೆಸ್ ಕೆಲಸ ಕೊಡದೆ, ಕಡಿಮೆ ಕೂಲಿಗೆ ಕಸ ಗುಡಿಸುವ ಕೆಲಸಕ್ಕೆ ಹಾಕಿದ್ದರು. ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಮಾತು ಹಿಂತೆಗೆದುಕೊಂಡಿದ್ದರು. ಮಗ ಮನೆಯಲ್ಲೂ ಕೈಯನ್ನು ಪ್ಯಾಂಟಿನ ಜೇಬಿನಿಂದ ಹೊರತೆಗೆಯುವುದಿಲ್ಲ, ಊಟವನ್ನೂ ಎಲ್ಲರೂ ಮಲಗಿದ ಮೇಲೆ ಮಾಡುತ್ತಾನೆ ಎಂದು ಹೇಳುವಾಗ ಮಾತ್ರ ಆ ತಾಯಿಯ ದನಿ ತಗ್ಗಿತು. ಬಾಗಿಲಿಗೆ ಸಿಕ್ಕಿದ್ದಲ್ಲವೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅವರು ಹೋದ ಮೇಲೆ ಆ ಫೋಟೋವನ್ನು ಮತ್ತೆ ನೋಡಿದೆ. ಹುಡುಗ ಲಕೋಟೆಯನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿದ್ದ. ನಮ್ಮಲ್ಲಿ ಹಣವನ್ನು ಯಾರೂ ಎಡಗೈಯಲ್ಲಿ ಪಡೆಯುವುದಿಲ್ಲ, ಕೊಡುವುದೂ ಇಲ್ಲ. ಬಲಗೈ ಬ್ಯಾಂಡೇಜಿನಲ್ಲಿದ್ದುದರಿಂದ ಅವನಿಗೆ ಬೇರೆ ದಾರಿಯಿರಲಿಲ್ಲ. ಏನೋ ಹೊಳೆದಂತಾಗಿ ಕಪಾಟಿನಲ್ಲಿದ್ದ ಹಿಂದಿನ ಎರಡೂವರೆ ವರ್ಷದ ಸಂಚಿಕೆಗಳನ್ನು ತೆಗೆದು ಲಕೋಟೆಯ ಫೋಟೋಗಳನ್ನಷ್ಟೇ ಸಾಲಾಗಿ ಜೋಡಿಸಿದೆ. ಒಟ್ಟು ಹನ್ನೊಂದು ಇದ್ದವು. ಎಂಟರಲ್ಲಿ ಪಡೆಯುವವರು ಬಲಗೈ ಚಾಚಿದ್ದರು ಅಥವಾ ಎರಡೂ ಕೈಯೊಡ್ಡಿದ್ದರು. ಉಳಿದ ಮೂರರಲ್ಲಿ ಎಡಗೈ. ಆ ಮೂವರೂ ಪ್ರೆಸ್ ವಿಭಾಗದವರು.

ಮೂರು ಅಪಘಾತಗಳನ್ನು ನಾನೇ ಅಚ್ಚು ಹಾಕಿಸಿದ್ದೆ, ಆದರೆ ಅವು ಇದ್ದದ್ದು ನೆರವಿನ ಪುಟದಲ್ಲಿ. ಸುರಕ್ಷತೆಯ ಪುಟದಲ್ಲಿ ಅವುಗಳ ಸುಳಿವೇ ಇರಲಿಲ್ಲ. ಚಂದಾ ಎತ್ತಿದ್ದರಿಂದ ಎಲ್ಲರ ಮನಸ್ಸಿಗೂ ‘ನಮ್ಮ ಕೈಲಾದದ್ದು ಮಾಡಿದೆವು’ ಎಂಬ ಸಮಾಧಾನ ಸಿಕ್ಕಿತ್ತು, ಮತ್ತು ಆ ಸಮಾಧಾನವಿದ್ದ ಕಡೆ ‘ಇದು ಹೇಗಾಯಿತು’ ಎಂಬ ಪ್ರಶ್ನೆ ಹುಟ್ಟಿರಲಿಲ್ಲ.

ಫಲ ಕೊಡದ ಮೊದಲ ಪ್ರಯತ್ನಗಳು

ಮರುದಿನವೇ ವಿಷಯವನ್ನು ಆಡಳಿತದ ಸಭೆಯಲ್ಲಿಟ್ಟೆ. ಪ್ರೆಸ್ಸಿನಲ್ಲಿ ಎರಡು ಗುಂಡಿಗಳಿವೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯುತ್ತದೆ, ಆಗ ಎರಡೂ ಕೈ ಡೈಯಿಂದ ಹೊರಗಿರುತ್ತವೆ. ಗಾಯವಾಗಿದ್ದರೆ ಆ ಹುಡುಗ ಅಂದು ಗುಂಡಿಗೆ ಟೇಪು ಸುತ್ತಿ ಒಂದೇ ಕೈಯಲ್ಲಿ ನಡೆಸಿರಬೇಕು, ಅದು ಅವನ ಅಜಾಗರೂಕತೆ ಎಂದು ಉತ್ಪಾದನಾ ಮುಖ್ಯಸ್ಥರು ಹೇಳಿದರು. ಹೊಸ ಭಿತ್ತಿಪತ್ರ ಹಚ್ಚುವುದು, ಎಲ್ಲರಿಗೂ ಕೈಗವಸು ಕೊಡುವುದು ಎಂದು ತೀರ್ಮಾನವಾಯಿತು. ಟನ್ನುಗಟ್ಟಲೆ ಭಾರ ಹಾಕುವ ಪ್ರೆಸ್ಸಿನ ಕೆಳಗೆ ಕೈಗವಸು ಬೆರಳನ್ನು ಉಳಿಸುವುದಿಲ್ಲವೆಂದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏನಾದರೂ ಮಾಡಿದೆವಲ್ಲ ಎಂದು ಸುಮ್ಮನಾದೆ.

ಆಮೇಲೆ ಹೆಸರು ಬರೆಯದೆ ದೂರು ಹಾಕಲು ಒಂದು ಪೆಟ್ಟಿಗೆ ಇಡಿಸಿದೆ. ಆರು ವಾರದಲ್ಲಿ ಬಂದದ್ದು ಕ್ಯಾಂಟೀನಿನ ಸಾಂಬಾರಿನ ಬಗ್ಗೆ ನಾಲ್ಕು ಚೀಟಿ ಮಾತ್ರ. ಪೆಟ್ಟಿಗೆ ಇದ್ದದ್ದು ಟೈಮ್ ಆಫೀಸಿನ ಪಕ್ಕ, ಸಿಸಿಟಿವಿ ಕ್ಯಾಮೆರಾದ ನೇರ ಕೆಳಗೆ ಎಂಬುದನ್ನು ಸಫಾಯಿ ಕೆಲಸದ ಹೆಂಗಸೊಬ್ಬರು ನನಗೆ ತೋರಿಸಿಕೊಡಬೇಕಾಯಿತು.

ಟೇಪಿನ ಮೇಲಿನ ಕುಂಕುಮ

ತಿರುವು ಬಂದದ್ದು ಒಂದು ಮಧ್ಯಾಹ್ನದ ಟೀ ಹೊತ್ತಿನಲ್ಲಿ. ಕಾಗದ, ಪೆನ್ನು ಏನೂ ಹಿಡಿಯದೆ ಪ್ರೆಸ್ ವಿಭಾಗಕ್ಕೆ ಹೋಗಿ, ಹದಿನೆಂಟು ವರ್ಷ ಅನುಭವವಿದ್ದ ಹಿರಿಯ ಆಪರೇಟರ್ ಒಬ್ಬರ ಪಕ್ಕ ಕೂತೆ. ಅಪಘಾತವಾದ ಪ್ರೆಸ್ ಎದುರಿಗೇ ಇತ್ತು. ಅದರ ಬಲಬದಿಯ ಗುಂಡಿಯನ್ನು ರಟ್ಟಿನ ಚೂರಿಟ್ಟು ಒಳಕ್ಕೆ ಒತ್ತಿ, ಮೇಲೆ ಇನ್ಸುಲೇಶನ್ ಟೇಪು ಸುತ್ತಿದ್ದರು. ಜನವರಿಯ ನಂತರವೂ ಅದನ್ನು ಯಾರೂ ಬಿಚ್ಚಿರಲಿಲ್ಲ. ಎಡಗೈ ಎಡಗುಂಡಿಯ ಮೇಲೆ, ಬಲಗೈ ತಗಡು ಇಡಲು ಮತ್ತು ಪೀಸ್ ತೆಗೆಯಲು ಡೈ ಒಳಗೆ. ಮೂರು ಫೋಟೋಗಳಲ್ಲೂ ಬಲಗೈಗೇ ಬ್ಯಾಂಡೇಜು ಏಕಿತ್ತೆಂಬುದು ಆಗ ಅರ್ಥವಾಯಿತು.

ಹತ್ತಿರ ಹೋಗಿ ನೋಡಿದೆ. ಎಣ್ಣೆ ಕುಡಿದು ಗಟ್ಟಿಯಾಗಿದ್ದ ಟೇಪಿನ ಮಡಿಕೆಯಲ್ಲಿ ಕುಂಕುಮವಿತ್ತು. ಉಗುರಿನಿಂದ ಕೆರೆದಾಗ ಕೆಂಪು ಪುಡಿ ಬೆರಳಿಗಂಟಿತು. ಆಯುಧಪೂಜೆಯ ದಿನ ಪ್ರತಿ ಯಂತ್ರದ ಗುಂಡಿಗೂ ವಿಭೂತಿ, ಕುಂಕುಮ ಹಚ್ಚುತ್ತಾರೆ. ಹಚ್ಚಿದ್ದು ಟೇಪಿನ ಮೇಲೆ. ಅಂದರೆ ಆ ಟೇಪು ಅಪಘಾತಕ್ಕೆ ಮೂರು ತಿಂಗಳ ಮೊದಲೇ, ಅಕ್ಟೋಬರಿನಲ್ಲೇ ಅಲ್ಲಿತ್ತು. ಪೂಜೆಗೆ ಇಡೀ ಆಡಳಿತ ಬಂದು, ಅದೇ ಪ್ರೆಸ್ಸಿನ ಮುಂದೆ ಮಂಗಳಾರತಿ ತೆಗೆದುಕೊಂಡಿತ್ತು. ನಾನೂ ಅಲ್ಲಿದ್ದೆ.

“ಟಾರ್ಗೆಟ್ ಹಾಕ್ದಾಗ್ಲೇ ಇದು ಅಂಟ್ಸಿತ್ತು ಸಾರ್,” ಎಂದರು ಹಿರಿಯ ಆಪರೇಟರ್. “ಎರಡೂ ಕೈ ಒತ್ತಿ ಆ ನಂಬರ್ ಯಾರ್ ಕೈಲೂ ಕೊಡಕ್ಕಾಗಲ್ಲ.” ಗಂಟೆಗೆ ಎಷ್ಟು ಪೀಸ್ ಎಂದು ಗಡಿಯಾರ ಹಿಡಿದು ಅಳೆದಾಗಲೇ ಗುಂಡಿಗೆ ಟೇಪು ಇತ್ತು, ಆ ಅಳತೆಯೇ ದಿನದ ಗುರಿಯಾಯಿತು. ಟೇಪು ಬಿಚ್ಚಿದವನು ಗುರಿ ತಪ್ಪುತ್ತಾನೆ, ಗುರಿ ತಪ್ಪಿದ ಗುತ್ತಿಗೆ ಕಾರ್ಮಿಕನನ್ನು ಮರುವಾರ ಕರೆಯುವುದಿಲ್ಲ. ಅವರು ಇನ್ನೊಂದು ಮಾತನ್ನೂ ಹೇಳಿದರು. ಆ ಪ್ರೆಸ್ ಕೆಲವೊಮ್ಮೆ ಒಂದು ಸಲ ಒತ್ತಿದರೆ ಎರಡು ಸಲ ಇಳಿಯುತ್ತಿತ್ತು. ಮೇಂಟೆನೆನ್ಸ್ ಪುಸ್ತಕ ತರಿಸಿ ನೋಡಿದೆ. ಕ್ಲಚ್ಚಿನ ಕೀ (ಪ್ರೆಸ್ಸಿಗೆ ಚಲನೆಯನ್ನು ಜೋಡಿಸುವ, ಬಿಡಿಸುವ ಬಿಡಿಭಾಗ) ಸವೆದು ‘ಡಬಲ್ ಸ್ಟ್ರೋಕ್’ ಆಗುತ್ತಿದೆ ಎಂದು ಅಪಘಾತಕ್ಕೆ ಮೊದಲೇ ಮೂರು ಬಾರಿ ಬರೆದಿದ್ದರು; ಮೂರೂ ಬಾರಿ ಮುಂದಿನ ಕಾಲಂನಲ್ಲಿ ‘ಸ್ಪೇರ್ ಇಲ್ಲ’ ಎಂದಿತ್ತು.

ನಿಧಿಯ ಸಭೆ

ಆಡಳಿತದ ಬಾಗಿಲನ್ನು ಮತ್ತೆ ತಟ್ಟುವ ಮೊದಲು ಸಹಾಯ ನಿಧಿಯ ಸಮಿತಿಯ ಮುಂದೆ ಹೋದೆ. ಇದು ನಾನು ಯೋಚಿಸಿ ತೆಗೆದುಕೊಂಡ ತೀರ್ಮಾನ. ಆಡಳಿತಕ್ಕೆ ಕಾಯ್ದೆಯ ಹೆದರಿಕೆ ಇತ್ತು, ಗುತ್ತಿಗೆದಾರನಿಗೆ ಗುತ್ತಿಗೆಯ ಹೆದರಿಕೆ ಇತ್ತು. ಯಾವ ಹೆದರಿಕೆಯೂ ಇಲ್ಲದೆ, ಎಲ್ಲರ ನಂಬಿಕೆ ಗಳಿಸಿದ್ದ ಒಂದೇ ಒಂದು ಜಾಗ ಆ ಸಮಿತಿ.

ಕೆಲಸದ ವೇಳೆ ಗಾಯವಾದವರಿಗೆ ಇಎಸ್‌ಐ ಏನು ಕೊಡುತ್ತದೆಂದು ಮೊದಲು ವಿವರಿಸಿದೆ. ಚಿಕಿತ್ಸೆ ಉಚಿತ. ಕೆಲಸಕ್ಕೆ ಬರಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇಕಡ 90. ಅಂಗ ಊನವಾದರೆ ಗಳಿಕೆಯ ಶಕ್ತಿ ಎಷ್ಟು ಕುಂದಿದೆ ಎಂಬ ಪ್ರಮಾಣದಲ್ಲಿ ಜೀವನಪರ್ಯಂತ ಮಾಸಿಕ ಪರಿಹಾರ, ಅದೂ ಕೆಲಸಕ್ಕೆ ಮರಳಿದ ಮೇಲೂ. ಇಎಸ್‌ಐ ಕಾಯ್ದೆಯ ಅನುಸೂಚಿಯಲ್ಲಿ ತೋರುಬೆರಳಿನ ಒಂದು ಗೆಣ್ಣಿಗೆ ಶೇಕಡ 9 ಎಂದಿತ್ತು. ಹುಡುಗನ ಕೂಲಿ ದಿನಕ್ಕೆ ಸುಮಾರು 500 ರೂಪಾಯಿ. ಅದರ ಶೇಕಡ 90 ಎಂದರೆ 450, ಅದರಲ್ಲಿ ಶೇಕಡ 9 ಎಂದರೆ ದಿನಕ್ಕೆ 40 ರೂಪಾಯಿ 50 ಪೈಸೆ, ತಿಂಗಳಿಗೆ ಸುಮಾರು 1,200. ನಾವು ಪ್ರೀತಿಯಿಂದ ಕೂಡಿಸಿದ 44,000ವನ್ನು ಆ ಮೊತ್ತ ಸುಮಾರು ಮೂರು ವರ್ಷದಲ್ಲಿ ಮುಟ್ಟುತ್ತದೆ, ಅವನಿಗಿನ್ನೂ 24 ವರ್ಷ. ಇದೆಲ್ಲ ಸಿಗುವುದು ಅಪಘಾತ ದಾಖಲಾದರೆ ಮಾತ್ರ. ಗುತ್ತಿಗೆ ಕಾರ್ಮಿಕನೆಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ. ಅವನ ಹೆಸರಿನಲ್ಲಿ ಇಎಸ್‌ಐ ವಂತಿಗೆ ಕಟ್ಟಲಾಗುತ್ತಿತ್ತು, ಆದರೆ ಅವನ ನಂಬರನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ.

ಕೆಲಸದ ಗಾಯವಾದರೆ ಇಎಸ್‌ಐಗೆ ಹೋದ ಅಪಘಾತ ವರದಿಯ ಪ್ರತಿ ತಂದ ಮೇಲೆಯೇ ನಿಧಿಯ ಹಣ ಕೊಡಬೇಕು ಎಂದು ನಾನು ಸಲಹೆ ಇಟ್ಟೆ. ಪ್ಯಾಕಿಂಗ್ ವಿಭಾಗದಿಂದ ಬಂದಿದ್ದ ಸದಸ್ಯೆ ತಕ್ಷಣ ತಡೆದರು: “ರಕ್ತ ಸುರೀತಿರೋವಾಗ ಫಾರಂ ಎಲ್ಲಿ ಅಂತ ಕೇಳ್ತೀರಾ ಸಾರ್?” ಅವರ ಮಾತು ಸರಿಯಿತ್ತು, ನನ್ನ ಸಲಹೆ ತಪ್ಪಿತ್ತು. ಎರಡು ಗಂಟೆ ಚರ್ಚೆಯಾದ ಮೇಲೆ ಅವರೇ ಸೂಚಿಸಿದ ದಾರಿ ಒಪ್ಪಿಗೆಯಾಯಿತು. ಮೊದಲ ದಿನ 5,000 ರೂಪಾಯಿಯನ್ನು ಏನೂ ಕೇಳದೆ ಕೊಡುವುದು. ಅದೇ ದಿನ ಸಮಿತಿಯ ಒಬ್ಬರು ಗಾಯಾಳುವಿನ ಜೊತೆ ಇಎಸ್‌ಐ ಆಸ್ಪತ್ರೆಗೆ ಹೋಗುವುದು. ಅಪಘಾತ ಪುಸ್ತಕದಲ್ಲಿ ನಮೂದಾಯಿತೇ, ವರದಿ ಹೋಯಿತೇ ಎಂದು ನೋಡುವ ಹೊಣೆ ಸಮಿತಿಯದೇ ಹೊರತು ಗಾಯಾಳುವಿನದಲ್ಲ. ಲಕೋಟೆಯ ಫೋಟೋ ಇನ್ನು ಮುಂದೆ ಬೇಡ ಎಂಬುದೂ ಅಂದೇ ತೀರ್ಮಾನವಾಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಅತ್ಯಂತ ಮುಖ್ಯ ಗಳಿಗೆ ಆ ಸದಸ್ಯೆಯ ಆಕ್ಷೇಪ. ನನ್ನ ನಿಯಮ ಹಾಗೆಯೇ ಜಾರಿಯಾಗಿದ್ದರೆ ಗಾಯಾಳುಗಳು ನಿಧಿಯಿಂದಲೂ ಅಡಗುತ್ತಿದ್ದರು.

ಆಮೇಲೆ ಆದದ್ದು

ಸಮಿತಿಯ ಒಂಬತ್ತೂ ಜನರ ಸಹಿಯಿದ್ದ ಪತ್ರ, ಮೇಂಟೆನೆನ್ಸ್ ಪುಸ್ತಕದ ಪ್ರತಿಗಳು ಮತ್ತು ಟೇಪಿನ ಫೋಟೋದೊಂದಿಗೆ ಆಡಳಿತದ ಮುಂದೆ ಹೋದಾಗ ಚರ್ಚೆಯ ರೀತಿಯೇ ಬದಲಾಯಿತು. ತಡವಾಗಿಯಾದರೂ ವರದಿ ಕಳಿಸಲು ಆಡಳಿತ ಒಪ್ಪಿತು. ಹಲವು ತಿಂಗಳ ವಿಳಂಬಕ್ಕೆ ಇಎಸ್‌ಐ ಶಾಖಾ ಕಚೇರಿ ವಿವರಣೆ ಕೇಳಿತು, ವಿಚಾರಣೆ ನಡೆಯಿತು. ಪರಿಹಾರವನ್ನು ಹನ್ನೆರಡು ತಿಂಗಳೊಳಗೆ ಕೇಳಬೇಕೆಂಬ ನಿಯಮವಿರುವುದರಿಂದ ಆ ತಾಯಿ ಜೂನ್‌ನಲ್ಲಿ ಬಂದದ್ದು ದೊಡ್ಡ ಉಪಕಾರವಾಯಿತು. ‘ಮನೆಯ ಬಾಗಿಲು’ ಎಂಬ ಬರಹವನ್ನು ಸುಳ್ಳೆಂದು ತೋರಿಸಿದ್ದು ಮೂರು ಸಂಗತಿಗಳು: ಆ ರಾತ್ರಿ 9.40ಕ್ಕೆ ಕಾರ್ಖಾನೆಯ ಗಾಡಿ ಹೊರಹೋದ ಗೇಟ್ ನಮೂದು, ಗಾಯದೊಳಗೆ ಎಣ್ಣೆ ಮತ್ತು ಲೋಹದ ಚೂರು ಇತ್ತೆಂಬ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಇಬ್ಬರು ಸಹೋದ್ಯೋಗಿಗಳ ಲಿಖಿತ ಹೇಳಿಕೆ. ಕೆಲಸದ ವೇಳೆಯ ಗಾಯವೆಂದು ಒಪ್ಪಿಗೆಯಾಗಿ, ವೈದ್ಯಕೀಯ ಮಂಡಳಿ ಶೇಕಡ 9 ಎಂದೇ ನಿಗದಿ ಮಾಡಿತು. ರಜೆಯ ದಿನಗಳ ಪರಿಹಾರ ಮಾತ್ರ ಪೂರ್ತಿ ಸಿಗಲಿಲ್ಲ. ಇಎಸ್‌ಐ ವೈದ್ಯರ ಪ್ರಮಾಣಪತ್ರವಿಲ್ಲದ ಕೆಲವು ದಿನಗಳು ತಿರಸ್ಕೃತವಾದವು. ಖಾಸಗಿ ಆಸ್ಪತ್ರೆಗೆ ಕರೆದೊಯ್ದದ್ದರ ನಷ್ಟವನ್ನು ಕೊನೆಗೂ ಭರಿಸಿದ್ದು ಅವನೇ.

ಪ್ರೆಸ್ಸಿನ ಕ್ಲಚ್ಚಿನ ಕೀ ಬದಲಾಯಿತು. ಪ್ರತಿ ಸಲವೂ ಎರಡೂ ಗುಂಡಿಗಳನ್ನು ಬಿಟ್ಟು ಮತ್ತೆ ಒತ್ತದಿದ್ದರೆ ಚಲಿಸದಂಥ ಹೊಸ ವಿದ್ಯುತ್ ಜೋಡಣೆ ಬಂತು, ಟೇಪು ಸುತ್ತಿ ಪ್ರಯೋಜನವಿಲ್ಲದಂತಾಯಿತು. ಗುರಿಯನ್ನು ಹೊಸದಾಗಿ ಅಳೆದು ಇಳಿಸಿದರು. ಉತ್ಪಾದನೆ ಮೊದಲ ತಿಂಗಳು ಸಾಕಷ್ಟು ಕುಸಿಯಿತು, ಆಮೇಲೆ ಚೇತರಿಸಿತು, ಹಳೆಯ ಮಟ್ಟಕ್ಕೆ ಮಾತ್ರ ಬರಲಿಲ್ಲ. ಹಳೆಯ ಮಟ್ಟ ಬೆರಳುಗಳನ್ನು ಪಣಕ್ಕಿಟ್ಟು ಪಡೆದದ್ದಾದ್ದರಿಂದ ಅಲ್ಲಿಗೆ ಮರಳಬಾರದೆಂದು ನಾನು ವಾದಿಸಿದೆ. ಆಡಳಿತ ಅರೆಮನಸ್ಸಿನಿಂದ ಒಪ್ಪಿತು.

ಗೇಟಿನ ಬೋರ್ಡು ಇಳಿಯಿತು, ಬಹುಮಾನವೂ ರದ್ದಾಯಿತು. ಪತ್ರಿಕೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಪುಟಗಳನ್ನು ಒಂದು ಮಾಡಿದೆವು. ಯಾರಿಗೆ ನೆರವು ಸಿಕ್ಕಿತೆಂಬ ಹೆಸರು ಅಲ್ಲಿರುವುದಿಲ್ಲ. ಯಾವ ಯಂತ್ರದಲ್ಲಿ ಏನು ದೋಷ ಕಂಡಿತು, ಯಾವ ದಿನ ಹೇಳಲಾಯಿತು, ಯಾವ ದಿನ ಸರಿಯಾಯಿತು ಎಂಬ ಮೂರು ವಿವರಗಳಿರುತ್ತವೆ. ಸರಿಯಾಗದಿದ್ದರೆ ಮೂರನೆಯ ಜಾಗ ಖಾಲಿಯಾಗಿಯೇ ಅಚ್ಚಾಗುತ್ತದೆ. ಆ ಖಾಲಿ ಜಾಗಕ್ಕೆ ಒಪ್ಪಿಗೆ ಪಡೆಯಲು ನನಗೆ ಎರಡು ತಿಂಗಳು ಹಿಡಿಯಿತು.

ಮೊದಲ ಆರು ತಿಂಗಳಲ್ಲಿ ಪ್ರಥಮ ಚಿಕಿತ್ಸಾ ಪುಸ್ತಕದ ನಮೂದುಗಳು 4ರಿಂದ 31ಕ್ಕೆ ಏರಿದವು. ಅಪಘಾತಗಳು ಹೆಚ್ಚುತ್ತಿವೆ, ಹೊಸ ಪದ್ಧತಿ ಕೈಕೊಟ್ಟಿತು ಎಂದು ಗಾಬರಿಯಾದವರಿದ್ದರು. ಆದರೆ ಆ 31ರಲ್ಲಿ ಬಹುಪಾಲು ತರಚು ಗಾಯ, ಸಣ್ಣ ಕೊಯ್ತ, ಕಣ್ಣಿಗೆ ಬಿದ್ದ ಚೂರು. ಇಂಥವು ಹಿಂದೆಯೂ ಆಗುತ್ತಿದ್ದವು, ಕರವಸ್ತ್ರ ಕಟ್ಟಿಕೊಂಡು ಮುಚ್ಚಿಡಲಾಗುತ್ತಿತ್ತು. ಇಂಥ ಬದಲಾವಣೆಗೆ ಕೈಹಾಕುವವರು ಅಂಕಿ ಮೊದಲು ಏರುತ್ತದೆಂದು ಆಡಳಿತಕ್ಕೆ ಮುಂಚೆಯೇ ಲಿಖಿತವಾಗಿ ತಿಳಿಸಿಡುವುದು ಒಳ್ಳೆಯದು. ನಾನು ತಿಳಿಸಿರಲಿಲ್ಲ, ಅದರಿಂದ ಒಂದು ಹಂತದಲ್ಲಿ ಇಡೀ ಪ್ರಯತ್ನವೇ ನಿಲ್ಲುವಂತಾಗಿತ್ತು. ನಿಧಿಯ ಚಂದಾ ಸ್ವಲ್ಪ ಕಡಿಮೆಯಾಯಿತು. ಫೋಟೋ ಇಲ್ಲವೆಂದು ಬೇಸರಗೊಂಡವರೂ ಇದ್ದರು. ಆದರೂ ಗಾಯದ ಖರ್ಚು ನಿಧಿಯ ಮೇಲೆ ಬೀಳದ ಕಾರಣ, ಯಾವ ಕಾಯ್ದೆಯೂ ನೆರವಿಗೆ ಬಾರದ ಕಷ್ಟಗಳಿಗೆ, ಮಕ್ಕಳ ಶಾಲಾ ಶುಲ್ಕಕ್ಕೆ, ಮಳೆಗೆ ಬಿದ್ದ ಗೋಡೆಗೆ ಹಣ ಉಳಿಯಿತು.

ಹುಡುಗನನ್ನು ಸ್ಟೋರ್ಸ್ ವಿಭಾಗಕ್ಕೆ ಹಳೆಯ ಕೂಲಿಯಲ್ಲೇ ಹಾಕಿದರು. ಅವನು ಎಡಗೈಯಲ್ಲಿ ಬರೆಯಲು ಕಲಿತ. ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಲು ಅವನಿಗೆ ಸುಮಾರು ಒಂದು ವರ್ಷ ಬೇಕಾಯಿತು. ಈ ಭಾಗದಲ್ಲಿ ನಾವು ಹೆಚ್ಚೇನೂ ಮಾಡಲಿಲ್ಲ, ಮಾಡಬೇಕಿತ್ತು. ಮನಸ್ಸಿನ ಗಾಯಕ್ಕೆ ನಮ್ಮಲ್ಲಿ ಪುಸ್ತಕವೂ ಇರಲಿಲ್ಲ, ಫಾರಂ ಕೂಡ ಇರಲಿಲ್ಲ.

ಎಡಗೈಯ ಫೋಟೋಗಳಲ್ಲಿದ್ದ ಇನ್ನಿಬ್ಬರಲ್ಲಿ ಒಬ್ಬರು ಕಾಯಂ ನೌಕರರು. ಹಳೆಯದನ್ನು ಕೆದಕುವುದು ಬೇಡವೆಂದು ಅವರು ಎರಡು ಸಲ ಹೇಳಿದರು, ನಾನು ಮೂರನೆಯ ಸಲ ಕೇಳಲಿಲ್ಲ. ಇನ್ನೊಬ್ಬರು ಉತ್ತರ ಕರ್ನಾಟಕದ ಕಡೆಯಿಂದ ಬಂದ ಗುತ್ತಿಗೆ ಕಾರ್ಮಿಕರು, ಗಾಯವಾದ ಎರಡು ತಿಂಗಳಿಗೇ ಕೆಲಸ ಬಿಟ್ಟು ಹೋಗಿದ್ದರು. ಗುತ್ತಿಗೆದಾರನ ಬಳಿಯಿದ್ದ ಫೋನ್ ನಂಬರ್ ಬೇರೆಯವರದಾಗಿತ್ತು. ಅವರ ಫೋಟೋ ಇರುವ ಸಂಚಿಕೆಯನ್ನು, ಅಂದು ಪಕ್ಕದ ಪ್ರೆಸ್ಸಿನಲ್ಲಿದ್ದ ಇಬ್ಬರ ಹೇಳಿಕೆಗಳ ಜೊತೆ ಒಂದು ಫೈಲಿನಲ್ಲಿಟ್ಟು ಕಲ್ಯಾಣ ವಿಭಾಗದ ಕಪಾಟಿನಲ್ಲಿ ಇರಿಸಿದ್ದೇನೆ. ಆ ಕೆಲಸ ಬಿಡುವ ದಿನ, ನನ್ನ ಜಾಗಕ್ಕೆ ಬಂದವರಿಗೆ ಆ ಫೈಲನ್ನು ಮೊದಲು ತೋರಿಸಿ, ಆಮೇಲೆ ಬೀಗದ ಕೈ ಕೊಟ್ಟೆ.